ಫಿಕ್ಸಿಗೆ ಹೊಸ ಚಕ್ರ ಕಟ್ಟೋ ಮೊದಲು ರಿಮ್ ತಯಾರಿ, ಕಡಲ ಕಡೆಯವರಿಗೆ

ಫಿಕ್ಸಿ ಅಂದರೆ ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ಕೂಡ ತಿರುಗುತ್ತಲೇ ಇರುವ ಒಂದೇ ಗೇರಿನ ಸೈಕಲ್. ಅದಕ್ಕೆ ಹಬ್ (ಚಕ್ರದ ನಡುವಿನ ತುಂಡು) ಬಂತು, ರಿಮ್ ಬಂತು, ಕಡ್ಡಿಯೂ ಬಂತು ಅಂತ ಅದೇ ಸಂಜೆ ಜಗಲಿ ಮೇಲೆ ಕೂತು ಚಕ್ರ ಕಟ್ಟೋಕೆ ಶುರು ಮಾಡಬೇಡಿ. ನಾನು ಹಾಗೇ ಮಾಡಿದ್ದೆ. ಮೂವತ್ತಾರು ಕಡ್ಡಿ ಹೆಣೆದು, ಒಂದೊಂದೇ ನಿಪ್ಪಲ್ (ಕಡ್ಡಿಯನ್ನು ರಿಮ್‌ಗೆ ಬಿಗಿಯುವ ಸಣ್ಣ ನಟ್) ತಿರುಗಿಸುತ್ತಾ ಹೋದರೆ ಥ್ರೆಡ್ ಮುಗಿಯಿತು, ಕಡ್ಡಿ ಮಾತ್ರ ಇನ್ನೂ ಲೊಡಲೊಡ. ಎಲ್ಲವೂ 12 ಮಿ.ಮೀ. ಉದ್ದ! ತಪ್ಪು ಅಂಗಡಿಯವರದ್ದಲ್ಲ, ನನ್ನದೇ. ರಿಮ್ ಮೇಲೆ ಬರೆದಿದ್ದ 622 ಅನ್ನೋ ಸಂಖ್ಯೆಯನ್ನೇ ಲೆಕ್ಕಕ್ಕೆ ಹಾಕಿ ಕಡ್ಡಿ ತರಿಸಿದ್ದೆ. ಅದು ಟೈರ್ ಕೂರುವ ಜಾಗದ ವ್ಯಾಸ, ಕಡ್ಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಎರಡನೇ ಸಲ ದುಡ್ಡು ಕೊಟ್ಟು ಕಡ್ಡಿ ತರಿಸಿದ ಮೇಲೆ ಬುದ್ಧಿ ಬಂತು. ಈಗ ರಿಮ್ ಕೈಗೆ ಬಂದರೆ ಮೊದಲು ಒಂದು ಪೂರ್ತಿ ಮಧ್ಯಾಹ್ನ ಅದಕ್ಕೇ ಕೊಡುತ್ತೇನೆ.

ಯಾವ ರಿಮ್ ಅನ್ನೋದು ಬೇಗ ಹೇಳಿ ಮುಗಿಸುತ್ತೇನೆ. ಫಿಕ್ಸಿಗೆ ಸಾಮಾನ್ಯವಾಗಿ 700ಸಿ, ಅಂದರೆ 622. ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಸೈಕಲ್ ಇದೆ, ಅದರ ರಿಮ್ ಹಾಕಿಬಿಡೋಣ ಅಂತ ಕೆಲವರಿಗೆ ಆಸೆ. ಆ 28 ಇಂಚಿನ ಒಂದೂವರೆ ಇಂಚು ಟೈರಿನ ರಿಮ್ 635, ಇದರ ಟೈರ್ ಅದಕ್ಕೆ ಕೂರೋದೇ ಇಲ್ಲ. ಇನ್ನು ಹಬ್‌ನಲ್ಲಿ ಎಷ್ಟು ತೂತು ಇದೆಯೋ ರಿಮ್‌ನಲ್ಲೂ ಅಷ್ಟೇ ಬೇಕು, 32 ಅಥವಾ 36. ಫಿಕ್ಸಿಯಲ್ಲಿ ಪೆಡಲ್ ತುಳಿದಾಗ ಒಂದು ಕಡೆ ಎಳೆತ, ಕಾಲಿಂದ ತಡೆದಾಗ ಅದರ ಉಲ್ಟಾ ಕಡೆ ಎಳೆತ. ಹಿಂದಿನ ಚಕ್ರ ಎರಡನ್ನೂ ತಡೆದುಕೊಳ್ಳಬೇಕು. ನಮ್ಮ ರಸ್ತೆ ನೋಡಿದರೆ ಹಿಂದೆ 36 ಇರಲಿ ಅನ್ನೋದು ನನ್ನ ಮಾತು, ತೂಕ ಸ್ವಲ್ಪ ಜಾಸ್ತಿ ಆದರೂ.

ರಿಮ್ ಬಿಚ್ಚಿದ ಕೂಡಲೇ ಅಡುಗೆಮನೆಯ ಗ್ರಾನೈಟ್ ಕಟ್ಟೆ ಮೇಲೆ ಇಡಿ. ಮನೆಯವರು ಬೈತಾರೆ, ಇರಲಿ. ಅಂಚು ಒತ್ತಿ ನೋಡಿ, ಕುರ್ಚಿ ಕಾಲು ಕುಂಟಿದ ಹಾಗೆ ಟಕ್ ಟಕ್ ಅಂತ ಆಡುತ್ತಾ? ಆಡಿದರೆ ಎದ್ದ ಜಾಗದಲ್ಲಿ ಎಟಿಎಂ ಕಾರ್ಡ್ ತೂರಿಸಿ. ಕಾರ್ಡಿನ ದಪ್ಪ 0.76 ಮಿ.ಮೀ., ಬೇರೆ ಅಳತೆ ಸಾಮಾನು ಯಾಕೆ ಬೇಕು? ಒಂದು ಕಾರ್ಡ್ ಹೋದರೆ ಚಿಂತೆ ಇಲ್ಲ, ಕಡ್ಡಿಯ ಬಿಗಿಯಲ್ಲಿ ಸರಿಹೋಗುತ್ತದೆ. ಮೂರು ಕಾರ್ಡ್ ಒಟ್ಟಿಗೆ ಹೋದರೆ ಸುಮ್ನೆ ವಾಪಸ್ ಕಳಿಸಿ. ಬೆಂಡಾದ ರಿಮ್‌ನ್ನು ಕಡ್ಡಿಯಿಂದ ಎಳೆದು ನೇರ ಮಾಡಬಹುದು ನಿಜ, ಆದರೆ ಆಗ ಕೆಲವು ಕಡ್ಡಿ ವಿಪರೀತ ಬಿಗಿ, ಪಕ್ಕದ್ದು ಸಡಿಲ. ಸಡಿಲ ಇದ್ದದ್ದು ತಿಂಗಳೊಪ್ಪತ್ತಿನಲ್ಲಿ ಬುಡದಲ್ಲಿ ತುಂಡಾಗುತ್ತದೆ.

ಆಮೇಲೆ ಜಾಯಿಂಟ್. ವಾಲ್ವ್ ತೂತಿನ ಸರಿ ಎದುರಿಗೆ ಸಾಮಾನ್ಯವಾಗಿ ಇರುತ್ತದೆ. ಬ್ರೇಕ್ ಉಜ್ಜುವ ಬದಿಯ ಮೇಲೆ ಉಗುರು ಎಳೆದು ನೋಡಿ, ಉಗುರು ತಡೆದರೆ ಅಲ್ಲಿ ಮೆಟ್ಟಿಲಿದೆ ಅಂತ ಅರ್ಥ. ಚಕ್ರ ತಿರುಗುವಾಗ ಪ್ರತಿ ಸುತ್ತಿಗೂ ಬ್ರೇಕ್ ಒಮ್ಮೆ ಕಚ್ಚುತ್ತದೆ. ಸಣ್ಣದಾಗಿದ್ದರೆ 400 ನಂಬರಿನ ವಾಟರ್ ಪೇಪರನ್ನು ಒಂದು ಚಪ್ಪಟೆ ಮರದ ತುಂಡಿಗೆ ಸುತ್ತಿ, ನೀರು ಹಾಕಿ, ನಿಧಾನ ಉಜ್ಜಿ. ಬರಿ ಬೆರಳಲ್ಲಿ ಉಜ್ಜಿದರೆ ಗುಳಿ ಬೀಳುತ್ತದೆ. ಎರಡು ಬದಿಯೂ ಒಂದೇ ಮಟ್ಟಕ್ಕೆ ಸೇರಿಲ್ಲ, ಬಾಯಿ ಬಿಟ್ಟಿದೆ ಅಂತಾದರೆ ಉಜ್ಜುವ ಕೆಲಸಕ್ಕೇ ಹೋಗಬೇಡಿ, ಅದು ವಾಪಸ್ ಮಾಡುವ ಮಾಲು.

ಈಗ ತೂತುಗಳು. ಡ್ರಿಲ್ ಮಾಡಿದ ಅಂಚಿನಲ್ಲಿ ಅಲ್ಯೂಮಿನಿಯಂ ಮುಳ್ಳು ಉಳಿದಿರುತ್ತದೆ. ನಿಪ್ಪಲ್ ಅದರ ಮೇಲೆ ಕೂತರೆ ತಿರುಗಿಸುವಾಗ ಕರಕರ ಅನ್ನುತ್ತದೆ, ಆಮೇಲೆ ಮುಳ್ಳು ಕಿತ್ತು ಹೋಗಿ ಕಡ್ಡಿ ಸಡಿಲ ಆಗುತ್ತದೆ. ಕೌಂಟರ್‌ಸಿಂಕ್ ಬಿಟ್ (ತೂತಿನ ಅಂಚನ್ನು ಇಳಿಜಾರಾಗಿ ಕೊರೆಯುವ ಮೊನೆ) ಕೈಯಲ್ಲಿ ಹಿಡಿದು ಒಂದೊಂದು ತೂತಿಗೆ ಎರಡು ಸುತ್ತು, ಅಷ್ಟೇ. ಡ್ರಿಲ್ ಮೆಷಿನ್‌ಗೆ ಸಿಕ್ಕಿಸಬೇಡಿ, ಕಣ್ಣು ಮುಚ್ಚಿ ತೆರೆಯೋದರಲ್ಲಿ ಜಾಸ್ತಿ ಕೊರೆದುಬಿಡುತ್ತದೆ. ಸ್ಟೀಲಿನ ಉಂಗುರ ಕೂರಿಸಿದ ತೂತಾದರೆ ಕೊರೆಯೋದೇ ಬೇಡ, ಒರೆಸಿದರೆ ಸಾಕು. ವಾಲ್ವ್ ತೂತಿನ ಒಳ ಅಂಚನ್ನು ಮಾತ್ರ ಮರೆಯಬೇಡಿ. ಟ್ಯೂಬಿನ ಬುಡ ಅಲ್ಲೇ ಕೊಯ್ದುಹೋಗೋದು. ಸಣ್ಣ ದುಂಡು ಅರ ಹಿಡಿದು ನಯ ಮಾಡಿ.

ರಿಮ್ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಗೆಜ್ಜೆ ಸದ್ದು ಬಂದರೆ ಚೂರು ಸೇರಿಕೊಂಡಿದೆ. ನಾನು ಮೊದಲ ಸಲ ಹಳೇ ಸ್ಪೀಕರಿನ ಆಯಸ್ಕಾಂತ ತಂದು ಅರ್ಧ ಗಂಟೆ ಒದ್ದಾಡಿದೆ. ಅಲ್ಯೂಮಿನಿಯಂ ಚೂರಿಗೆ ಆಯಸ್ಕಾಂತ ಹಿಡಿಯುತ್ತಾ? ಒಳಗೆ ಬಿದ್ದ ಹಿತ್ತಾಳೆ ನಿಪ್ಪಲ್‌ಗೂ ಹಿಡಿಯೋದಿಲ್ಲ. ಕೊನೆಗೆ ಕೆಲಸಕ್ಕೆ ಬಂದಿದ್ದು ಪೊರಕೆಯಿಂದ ಕಿತ್ತ ತೆಂಗಿನ ಕಡ್ಡಿ, ತುದಿಗೆ ಒಂಚೂರು ಹಲಸಿನ ಮೇಣ. ತೂತಿನಲ್ಲಿ ತೂರಿಸಿ ಅಂಟಿಸಿಕೊಂಡು ಎಳೆದರೆ ಬರುತ್ತದೆ. ಹಲಸಿನ ಕಾಲ ಅಲ್ಲದಿದ್ದರೆ ಎರಡೂ ಬದಿ ಅಂಟುವ ಟೇಪ್ ಸುತ್ತಿ.

ಇನ್ನು ಮುಖ್ಯ ಕೆಲಸ, ಅಳತೆ. ನಮಗೆ ಬೇಕಾದದ್ದು ಇಆರ್‌ಡಿ. ಅಂದರೆ ಎದುರುಬದುರು ಇರುವ ಎರಡು ಕಡ್ಡಿಗಳ ತುದಿ ನಿಪ್ಪಲ್ ಒಳಗೆ ಎಲ್ಲಿಗೆ ನಿಲ್ಲಬೇಕೋ, ಆ ಎರಡು ಜಾಗದ ನಡುವಿನ ದೂರ. ಡಬ್ಬಿ ಮೇಲೆ ಬರೆದಿರುತ್ತಾರೆ, ಆದರೆ ಒಬ್ಬೊಬ್ಬರು ನಿಪ್ಪಲ್‌ನ ಒಂದೊಂದು ಜಾಗಕ್ಕೆ ಅಳೆದಿರುತ್ತಾರೆ. ಹಾಗಾಗಿ ನೀವೇ ಅಳೆಯಿರಿ. ಎರಡು ಹಳೇ ಕಡ್ಡಿ ತಗೊಳ್ಳಿ. ಬಗ್ಗಿದ ತಲೆ ಕತ್ತರಿಸಿ, ಥ್ರೆಡ್ ತುದಿಯಿಂದ ಸರಿಯಾಗಿ 260 ಮಿ.ಮೀ. ಉಳಿಸಿ. ಕತ್ತರಿಸಿದ ತುದಿ ಅರದಿಂದ ಚಪ್ಪಟೆ ಮಾಡಿ, ಇಲ್ಲದಿದ್ದರೆ ಅಲ್ಲೇ ಅರ್ಧ ಮಿ.ಮೀ. ಮೋಸ. ನೀವು ಬಳಸಲಿರುವ ನಿಪ್ಪಲನ್ನೇ ಹಾಕಿ, ಸ್ಕ್ರೂಡ್ರೈವರ್ ಕೂರುವ ಗೀರಿನ ತಳಕ್ಕೆ ಕಡ್ಡಿ ತುದಿ ಬರುವವರೆಗೆ ತಿರುಗಿಸಿ, ಒಂದು ಹನಿ ಫೆವಿಕ್ವಿಕ್ ಬಿಟ್ಟು ಅಲ್ಲೇ ನಿಲ್ಲಿಸಿ. ಇವೆರಡೂ ಇನ್ನು ನಿಮ್ಮ ಅಳತೆ ಕೋಲು, ಜೋಪಾನ.

ಈಗ ಒಂದು ತೂತಿನಲ್ಲಿ ಒಂದು, ಸರಿ ಎದುರಿನದರಲ್ಲಿ ಇನ್ನೊಂದು. 36 ತೂತಾದರೆ ಒಂದರಿಂದ ಹದಿನೆಂಟು ಎಣಿಸಿ ಮುಂದಿನದು, ಕಣ್ಣಳತೆಗೆ ಬಿಡಬೇಡಿ. ಒಬ್ಬರು ಎರಡನ್ನೂ ಮಧ್ಯಕ್ಕೆ ಎಳೆದು ಹಿಡಿಯಲಿ, ಇನ್ನೊಬ್ಬರು ನಡುವಿನ ಸಂದು ಅಳೆಯಲಿ. ಸಂದು 80 ಬಂದರೆ 260, 260, 80 ಸೇರಿ 600. ಅದೇ ಇಆರ್‌ಡಿ. ಒಂದೇ ಕಡೆ ಅಳೆದು ಬಿಡಬೇಡಿ, ರಿಮ್ ತಿರುಗಿಸುತ್ತಾ ನಾಲ್ಕು ಕಡೆ ಅಳೆದು ಸರಾಸರಿ ತೆಗೆಯಿರಿ. ಒಂದಕ್ಕೊಂದು 1 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಎಳೆಯುವವರ ಕೈ ಸಡಿಲ ಇರಬೇಕು, ಇಲ್ಲವೇ ರಿಮ್ಮೇ ದುಂಡಗಿಲ್ಲ. ಇಆರ್‌ಡಿಯಲ್ಲಿ 2 ಮಿ.ಮೀ. ತಪ್ಪಿದರೆ ಕಡ್ಡಿಯಲ್ಲಿ ಹೆಚ್ಚುಕಡಿಮೆ 1 ಮಿ.ಮೀ. ತಪ್ಪುತ್ತದೆ. ನನ್ನ ರಿಮ್‌ನದ್ದು ನಿಜವಾಗಿ 597 ಇತ್ತು, ನಾನು ಹಾಕಿದ್ದು 622. ಇಪ್ಪತ್ತೈದರಲ್ಲಿ ಅರ್ಧ. ಆ ಹನ್ನೆರಡರ ಲೆಕ್ಕ ಬಂದದ್ದು ಹೀಗೆ.

ಕಡ್ಡಿ ಉದ್ದಕ್ಕೆ ಆನ್‌ಲೈನ್ ಕ್ಯಾಲ್ಕುಲೇಟರ್ ಬೇಕಾದಷ್ಟಿವೆ. ಆದರೂ ಒಮ್ಮೆ ಕೈಯಲ್ಲಿ ಮಾಡಿ ನೋಡಿ, ನಂಬಿಕೆ ಬರುತ್ತದೆ. 36 ತೂತು, ಮೂರು ಕ್ರಾಸ್ ಹೆಣಿಗೆಯಾದರೆ (ಒಂದೊಂದು ಕಡ್ಡಿಯೂ ಬೇರೆ ಮೂರನ್ನು ದಾಟಿ ಹೋಗುವುದು) ಲೆಕ್ಕ ಸುಲಭ, ಕೋನ 60 ಡಿಗ್ರಿ ಬರುತ್ತದೆ. ಇಆರ್‌ಡಿಯ ಅರ್ಧ 300. ಹಬ್‌ನ ಫ್ಲ್ಯಾಂಜ್‌ನಲ್ಲಿ, ಅಂದರೆ ಕಡ್ಡಿ ಸಿಕ್ಕಿಸುವ ಬದಿಯ ಬಿಲ್ಲೆಯಲ್ಲಿ, ತೂತುಗಳ ವೃತ್ತದ ವ್ಯಾಸ 63 ಇದ್ದರೆ ಅರ್ಧ 31.5. ಹಬ್ ನಡುವಿನಿಂದ ಫ್ಲ್ಯಾಂಜ್‌ಗೆ 35 ಅಂತಿಟ್ಟುಕೊಳ್ಳಿ. ಈ ಮೂರೂ ಸಂಖ್ಯೆಗಳ (300, 31.5, 35) ವರ್ಗ ಕೂಡಿಸಿ, ಅದರಿಂದ 300 ಗುಣಿಸು 31.5 ಕಳೆದು, ವರ್ಗಮೂಲ ತೆಗೆದರೆ 287.7. ಹಬ್ ತೂತಿನ ಅರ್ಧ, ಅಂದರೆ 1.2ರಷ್ಟು ಕಳೆಯಿರಿ. 286.5, ಹಾಗಾಗಿ 286 ತರಿಸಿ. ಫಿಕ್ಸಿಗೆ ಹಾಕುವ ಟ್ರ್ಯಾಕ್ ಹಬ್‌ನಲ್ಲಿ ಫ್ಲ್ಯಾಂಜ್ ಎರಡೂ ಬದಿ ಸಮ ದೂರ ಇದ್ದರೆ ಹಿಂದಿನ ಚಕ್ರಕ್ಕೂ ಒಂದೇ ಉದ್ದದ ಕಡ್ಡಿ. ಗೇರ್ ಸೈಕಲ್‌ನವರಿಗೆ ಈ ಭಾಗ್ಯ ಇಲ್ಲ.

ಈಗ ಉಪ್ಪಿನ ವಿಷಯ. ನಮ್ಮ ಮನೆ ಕಾರವಾರದ ಕೋಡಿಬಾಗ ಕಡೆ. ಕಿಟಕಿ ಸರಳು ತುಕ್ಕು ಹಿಡಿಯೋದು ನೋಡಿದರೇ ಗೊತ್ತಾಗುತ್ತದೆ ಗಾಳಿ ಎಂಥದ್ದು ಅಂತ. ಶಿರಸಿಯ ನನ್ನ ಭಾವನೂ ನಾನೂ ಒಂದೇ ತರದ ರಿಮ್ ಒಟ್ಟಿಗೆ ತರಿಸಿದ್ವಿ. ಒಂದು ಮಳೆಗಾಲ ಕಳೆದ ಮೇಲೆ ಅವನದ್ದು ಹಾಗೇ ಹೊಳೀತಿತ್ತು, ನನ್ನದರಲ್ಲಿ ಪ್ರತಿ ನಿಪ್ಪಲ್ ಸುತ್ತ ಬಿಳಿ ಪುಡಿ. "ಎಂತ ಭಾವ, ಚಕ್ರಕ್ಕೆ ರಂಗೋಲಿ ಹಾಕಿದ್ಯನಾ?" ಅಂದ. ಹಿತ್ತಾಳೆ, ಅಲ್ಯೂಮಿನಿಯಂ ಎರಡರ ನಡುವೆ ಉಪ್ಪುನೀರು ಸೇರಿದರೆ ಅದೊಂದು ಸಣ್ಣ ಬ್ಯಾಟರಿ ಆದಂತೆ, ಸವೆಯೋದು ಅಲ್ಯೂಮಿನಿಯಂ. ಹಾಗಂತ ಅಲ್ಯೂಮಿನಿಯಂ ನಿಪ್ಪಲ್ ಹಾಕಬೇಡಿ, ಅದು ಸ್ಟೀಲ್ ಕಡ್ಡಿಗೇ ಕಚ್ಚಿಕೊಂಡು ಕೂತು, ಬೆಂಡ್ ತೆಗೆಯುವಾಗ ಪುಡಿಯಾಗುತ್ತದೆ. ನಿಕಲ್ ಲೇಪದ ಹಿತ್ತಾಳೆ ನಿಪ್ಪಲ್, ಸ್ಟೇನ್‌ಲೆಸ್ ಕಡ್ಡಿ, ಇವೇ ಇಲ್ಲಿಗೆ ಸರಿ. ಕಟ್ಟುವ ಮೊದಲು ಪ್ರತಿ ತೂತಿನ ಅಂಚಿಗೆ ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ತೆಳ್ಳಗೆ ಗ್ರೀಸ್ ಸವರಿ. ನೀರು ಒಳಗೆ ಹೋಗೋಕೆ ಜಾಗ ಇರೋದಿಲ್ಲ, ನಿಪ್ಪಲ್ಲೂ ನುಣ್ಣಗೆ ತಿರುಗುತ್ತದೆ. ಕಡ್ಡಿಯ ಥ್ರೆಡ್‌ಗೆ ಕುದಿಸಿದ ಅಗಸೆ ಎಣ್ಣೆ. ಕಟ್ಟುವಾಗ ಜಾರುತ್ತದೆ, ಒಣಗಿದ ಮೇಲೆ ಅಂಟಾಗಿ ಹಿಡಿದುಕೊಳ್ಳುತ್ತದೆ. ತೆಂಗಿನೆಣ್ಣೆ ಇದಕ್ಕೆ ಆಗೋದಿಲ್ಲ, ಒಣಗೋದೇ ಇಲ್ಲ ಅದು. ಸ್ಟಿಕ್ಕರಿನ ಅಂಟು ಬಿಡಿಸೋಕೆ ಮಾತ್ರ ಅದಕ್ಕಿಂತ ಒಳ್ಳೇದಿಲ್ಲ.

ಸೆಕೆಂಡ್ ಹ್ಯಾಂಡ್ ರಿಮ್ ಆದರೆ ಇನ್ನೂ ಎರಡು ಮಾತು. ಬ್ರೇಕ್ ಬದಿಗೆ ಸ್ಟೀಲ್ ಸ್ಕೇಲ್ ಅಡ್ಡ ಹಿಡಿದು ಬೆಳಕಿಗೆ ನೋಡಿ, ನಡುವೆ ಬೆಳಕು ತೂರಿದರೆ ಅಲ್ಲಿ ಸವೆದು ಗುಳಿ ಬಿದ್ದಿದೆ. ಸವೆತದ ಗುರುತಿನ ಗೆರೆ ಇದ್ದದ್ದು ಮಾಯವಾಗಿದ್ದರೆ ಅದನ್ನು ಗುಜರಿಗೆ ಹಾಕಿ. ತೂತುಗಳ ಸುತ್ತ ಕೂದಲೆಳೆ ಬಿರುಕಿದ್ದರೂ ಅಷ್ಟೇ. ಫಿಕ್ಸಿಗೆ ಬ್ರೇಕ್ ಯಾಕೆ ಅನ್ನುವವರು ಒಮ್ಮೆ ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ ಇಳಿದು ನೋಡಲಿ, ಕಾಲು ಪೆಡಲಿನ ಮಾತು ಕೇಳುತ್ತದೋ ಪೆಡಲ್ ಕಾಲಿನ ಮಾತು ಕೇಳುತ್ತದೋ ಅಂತ. ಮುಂದೆ ಒಂದು ಬ್ರೇಕ್ ಬೇಕೇ ಬೇಕು, ಆದ್ದರಿಂದ ಮುಂದಿನ ರಿಮ್‌ನ ಬದಿ ಚೆನ್ನಾಗಿರಲೇಬೇಕು. ಹಳೇ ಬಣ್ಣ ತೆಗೆಯೋಕೆ ಕಾಸ್ಟಿಕ್ ಸೋಡಾ ಬಳಸಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದು ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ, ಕೈ ಕಣ್ಣೂ ಸುಡುತ್ತದೆ, ಜೊತೆಗೆ ಹೈಡ್ರೋಜನ್ ಬಿಡುತ್ತದೆ. ಪಾತ್ರೆ ಸೋಪು, ಬಾವಿ ನೀರು, ಕೊನೆಗೆ ಬ್ರೇಕ್ ಬದಿಗೆ ಮೆಡಿಕಲ್ ಶಾಪಿನ ಸ್ಪಿರಿಟ್. ಸಾಕು.

ತೂತುಗಳು ನೇರ ಸಾಲಿನಲ್ಲಿ ಇರೋದಿಲ್ಲ, ಒಂದು ಎಡಕ್ಕೆ ಒಂದು ಬಲಕ್ಕೆ ವಾಲಿರುತ್ತವೆ. ವಾಲ್ವ್ ಪಕ್ಕದ ಮೊದಲ ತೂತು ಯಾವ ಕಡೆ ವಾಲಿದೆ ನೋಡಿ, ಅಲ್ಲೇ ಎಡ ಬಲ ಅಂತ ಗುರುತು ಹಾಕಿ. ಹೆಣೆಯೋಕೆ ಕೂತ ಮೇಲೆ ಈ ಗುರುತಿಲ್ಲದೆ ತಲೆ ಕೆಡುತ್ತದೆ. ಟ್ಯೂಬಿನಡಿ ತೂತು ಮುಚ್ಚುವ ರಿಮ್ ಟೇಪಿಗೆ ಒಳಗಿನ ಅಗಲವನ್ನೂ ಈಗಲೇ ಅಳೆದುಬಿಡಿ. ಬಟ್ಟೆ ಟೇಪ್ ಬೇಡ, ನಮ್ಮಲ್ಲಿ ಒದ್ದೆ ಹಿಡಿದುಕೊಂಡು ಕೂರುತ್ತದೆ, ಪ್ಲಾಸ್ಟಿಕ್ಕಿನದ್ದು ತನ್ನಿ. ಇಆರ್‌ಡಿ, ಕಡ್ಡಿ ಉದ್ದ ಎರಡನ್ನೂ ಟೇಪಿನಡಿ ಮುಚ್ಚಿಹೋಗುವ ಜಾಗದಲ್ಲಿ ಬರೆದಿಡಿ, ಮುಂದೆ ಕಡ್ಡಿ ಮುರಿದಾಗ ಮತ್ತೆ ಅಳೆಯುವ ಕೆಲಸ ಇಲ್ಲ. ಬರೆಯೋದು ಮಾತ್ರ ಮಾರ್ಕರಿನಲ್ಲಿ. ಪೆನ್ಸಿಲ್ ಬೇಡ, ಅದರ ಗ್ರಾಫೈಟ್ ಕೂಡ ಒದ್ದೆಯಲ್ಲಿ ಅಲ್ಯೂಮಿನಿಯಮ್ಮಿಗೆ ಆಗೋದಿಲ್ಲ, ಬರೆದ ಗೆರೆಯುದ್ದಕ್ಕೂ ತಿನ್ನುತ್ತದೆ.