ಡೈವ್ ಕಂಪ್ಯೂಟರ್ ಕಟ್ಟಿಕೊಂಡ ಮೇಲೆ

ನಾನು ಸ್ಕೂಬಾ ಕಲಿತದ್ದು, ಯಾವ ಆಳದಲ್ಲಿ ಎಷ್ಟು ಹೊತ್ತು ಇರಬಹುದು ಎಂದು ಹೇಳುವ ಟೇಬಲ್ ನೋಡಿ. ಪ್ಲಾಸ್ಟಿಕ್ ಹಾಳೆಯಲ್ಲಿ ಒಂದು ಕಡೆ ಆಳ, ಇನ್ನೊಂದು ಕಡೆ ನಿಮಿಷ. 24 ಮೀಟರಿಗೆ ಎರಡೇ ನಿಮಿಷ ಇಳಿದು, ಉಳಿದ ಹೊತ್ತೆಲ್ಲ 12 ಮೀಟರಿನಲ್ಲೇ ಸುತ್ತಾಡಿದರೂ ಟೇಬಲ್ಲಿನ ಪ್ರಕಾರ ಅದು ಪೂರ್ತಿ 24 ಮೀಟರಿನ ಡೈವ್. ಆಗ ಅದು ಅನ್ಯಾಯ ಅನ್ನಿಸುತ್ತಿತ್ತು. ಆ ಒರಟು ಲೆಕ್ಕದೊಳಗೆ ನನಗೊಂದು ರಕ್ಷಣೆ ಅಡಗಿತ್ತು ಎಂದು ಗೊತ್ತಾಗಿದ್ದು ಮಣಿಕಟ್ಟಿಗೆ ಕಂಪ್ಯೂಟರ್ ಬಂದ ಮೇಲೆ.

ಕಂಪ್ಯೂಟರ್ ಪ್ರತಿ ಕೆಲವು ಸೆಕೆಂಡಿಗೊಮ್ಮೆ ಆಳ ಅಳೆದು, ಮೈಯಲ್ಲಿ ಎಷ್ಟು ನೈಟ್ರೋಜನ್ ಸೇರಿರಬಹುದು ಎಂದು ಲೆಕ್ಕ ಹಾಕುತ್ತದೆ. ಅದು ಹೆಚ್ಚಾಗಿ, ಮೇಲೇರುವಾಗ ಮೈಯೊಳಗೆ ಗುಳ್ಳೆಗಟ್ಟಿದರೆ ಕೀಲು ನೋಯಿಸುವ ಡಿಕಂಪ್ರೆಷನ್ ಕಾಯಿಲೆ ಬರಬಹುದು. 1908ರಲ್ಲಿ ಹಾಲ್ಡೇನ್ ಎಂಬ ವಿಜ್ಞಾನಿ ದೇಹವನ್ನು ಬೇರೆ ಬೇರೆ ವೇಗದಲ್ಲಿ ನೈಟ್ರೋಜನ್ ಹೀರುವ ಐದು ಭಾಗ ಎಂದು ಎಣಿಸಿದ್ದರು. ನನ್ನದರಲ್ಲಿರುವ, ಆಮೇಲೆ ಬಂದ ಬ್ಯೂಲ್ಮನ್ ಎಂಬ ವಿಜ್ಞಾನಿಯ ಲೆಕ್ಕದಲ್ಲಿ ಹದಿನಾರು. ಮೇಲಕ್ಕೆ ಬಂದಂತೆ ಮಿತಿ ಮುಟ್ಟಲು ಉಳಿದ ನಿಮಿಷ ಜಾಸ್ತಿಯಾಗುತ್ತದೆ, ಹಾಗಾಗಿ ನೀರಿನಲ್ಲಿ ಇನ್ನಷ್ಟು ಹೊತ್ತು ಇರಬಹುದು. ಅಂದರೆ ಟೇಬಲ್ ಬಿಟ್ಟುಕೊಟ್ಟಿದ್ದ ಅಂತರವನ್ನೆಲ್ಲ ನಾನು ಮೀನು ನೋಡಲು ಖರ್ಚು ಮಾಡತೊಡಗಿದೆ. ಮೊದಲ ವರ್ಷ ನನ್ನ ಡೈವ್‌ಗಳು ಉದ್ದವಾದವು. ಸುರಕ್ಷಿತವಾದವು ಎಂದು ಹೇಳಲಾರೆ.

ನಿಜವಾಗಿ ಸುಧಾರಿಸಿದ್ದು ಮೇಲೇರುವ ವೇಗ. ನಾನು ನಿಧಾನಕ್ಕೇ ಏರುತ್ತೇನೆ ಎಂದು ಗಟ್ಟಿಯಾಗಿ ನಂಬಿದ್ದೆ. ಮೊದಲ ಡೈವಿನಲ್ಲೇ ಏಳೆಂಟು ಮೀಟರಿನ ಹತ್ತಿರ ಅದು ಬೀಪ್ ಬೀಪ್ ಎಂದು ಕೂಗಿಕೊಂಡಿತು. ನಿಮಿಷಕ್ಕೆ 9 ಮೀಟರ್ ಮೀರಬಾರದು. ನಾನು ಎಷ್ಟೋ ಪಾಲು ಹೆಚ್ಚು ವೇಗದಲ್ಲಿದ್ದೆ. ಹತ್ತು ಮೀಟರಿನಿಂದ ಮೇಲ್ಮೈಗೆ ಬರುವಷ್ಟರಲ್ಲಿ ಒತ್ತಡ ಅರ್ಧಕ್ಕಿಳಿಯುತ್ತದೆ, ಅವಸರ ಮಾಡಬಾರದ ಜಾಗ ಅದೇ. ಈಗ ಕೊನೆಯ ಐದು ಮೀಟರನ್ನು ಪರದೆಯ ಮೇಲೆ ವೇಗ ತೋರಿಸುವ ಪಟ್ಟಿ ನೋಡಿಕೊಂಡೇ ಏರುತ್ತೇನೆ. ಇದೊಂದಕ್ಕೇ ಕಂಪ್ಯೂಟರ್ ಬೇಕು ಅನ್ನುತ್ತೇನೆ.

ಹೆದರಿಸಿದ್ದು ಇನ್ನೊಂದು ದಿನ. 24 ಮೀಟರಿನಲ್ಲಿ ಜೊತೆಗಾರ ತನ್ನ ಮಣಿಕಟ್ಟು ತೋರಿಸಿದ: ಹದಿನಾಲ್ಕು ನಿಮಿಷ ಉಳಿದಿದೆ. ನನ್ನದರಲ್ಲಿ ಮೂವತ್ತರ ಹತ್ತಿರ. ಇಬ್ಬರೂ ಒಟ್ಟಿಗೇ ಇಳಿದವರು, ಒಂದೇ ಆಳದಲ್ಲಿದ್ದವರು. ಒಂದು ಕ್ಷಣ ಖುಷಿಯಾಯಿತು, ಮರುಕ್ಷಣ ಹೊಟ್ಟೆ ತಣ್ಣಗಾಯಿತು. ಹಿಂದಿನ ದಿನ 32 ಪರ್ಸೆಂಟ್ ಆಕ್ಸಿಜನ್ನಿನ ನೈಟ್ರಾಕ್ಸ್, ಅಂದರೆ ಗಾಳಿಗಿಂತ ಕಡಿಮೆ ನೈಟ್ರೋಜನ್ ಇರುವ ಮಿಶ್ರಣ, ಉಸಿರಾಡಿದ್ದೆ. ಸೆಟ್ಟಿಂಗ್ ಹಾಗೇ ಉಳಿದಿತ್ತು, ಬೆನ್ನ ಮೇಲಿದ್ದದ್ದು ಬರೀ ಗಾಳಿ. ಟ್ಯಾಂಕಿನಲ್ಲಿ ಏನಿದೆ ಎಂದು ಆ ಯಂತ್ರಕ್ಕೆ ಗೊತ್ತಿಲ್ಲ, ನಾನು ಹೇಳಿದ್ದನ್ನೇ ನಂಬಿಕೊಂಡು ಲೆಕ್ಕ ಹಾಕುತ್ತಿತ್ತು. ಕೂಡಲೇ ಕಡಿಮೆ ಆಳಕ್ಕೆ ಸರಿದು, ಜೊತೆಗಾರನ ಲೆಕ್ಕದೊಳಗೇ ಡೈವ್ ಮುಗಿಸಿ, ಐದು ಮೀಟರಿನಲ್ಲಿ ಸುರಕ್ಷತೆಗೆಂದು ನಿಲ್ಲುವ ವಾಡಿಕೆಯ ಮೂರು ನಿಮಿಷದ ಬದಲು ಎಂಟು ನಿಮಿಷ ನಿಂತೆ. ಮರುದಿನ ನೀರಿಗಿಳಿಯಲಿಲ್ಲ. ಏನೂ ಆಗಲಿಲ್ಲ, ಆದರೆ ಆ ರಾತ್ರಿ ಮೊಣಕೈ ಸ್ವಲ್ಪ ನೋಯಿತೇ ಎಂದು ಹತ್ತು ಸಲ ಮಡಚಿ ನೋಡಿಕೊಂಡೆ.

ಹಾಗೆಯೇ ನಾನು ನಿದ್ದೆಗೆಟ್ಟಿದ್ದೇನೆ, ನೀರು ಕುಡಿದಿಲ್ಲ, ಪ್ರವಾಹದ ವಿರುದ್ಧ ಒದ್ದಾಡಿ ಸುಸ್ತಾಗಿದ್ದೇನೆ ಎಂಬುದೂ ಅದಕ್ಕೆ ತಿಳಿಯದು. ಮಿತಿಯೊಳಗೇ ಇದ್ದವರಿಗೂ ಡಿಕಂಪ್ರೆಷನ್ ಕಾಯಿಲೆ ಬಂದದ್ದುಂಟು.

ಈಗ ಡೈವಿಗೆ ಮೊದಲು ನಾನೂ ಜೊತೆಗಾರನೂ ಕಂಪ್ಯೂಟರ್ ಅದಲುಬದಲು ಮಾಡಿ ಗ್ಯಾಸ್ ಸೆಟ್ಟಿಂಗ್ ಗಟ್ಟಿಯಾಗಿ ಓದುತ್ತೇವೆ. ನನ್ನದನ್ನು ಒಂದು ಹಂತ ಹೆಚ್ಚು ಎಚ್ಚರಿಕೆಯ ಲೆಕ್ಕಕ್ಕೆ ಇಟ್ಟಿದ್ದೇನೆ. ಉಳಿದ ಸಮಯ ಹತ್ತು ನಿಮಿಷಕ್ಕಿಳಿದರೆ ಕಡಿಮೆ ಆಳಕ್ಕೆ ಸರಿಯುತ್ತೇನೆ, ಸೊನ್ನೆಯವರೆಗೆ ಕಾಯುವುದಿಲ್ಲ. ನೀರಿನಲ್ಲಿ ಪರದೆ ಕಪ್ಪಾದರೆ ಆ ಡೈವ್ ಅಲ್ಲಿಗೇ ಮುಗಿಯಿತು: ಜೊತೆಗಾರನಿಗೆ ‘ಮೇಲೆ ಹೋಗೋಣ’ ಎಂದು ಹೆಬ್ಬೆರಳು ಮೇಲೆತ್ತಿ ತೋರಿಸಿ, ಅವನ ಅತಿ ಸಣ್ಣ ಗುಳ್ಳೆಗಳಿಗಿಂತ ನಿಧಾನವಾಗಿ ಏರುತ್ತೇನೆ.