ಎಳೆದ ಗೆರೆಯನ್ನು ತಿದ್ದುವ ಬಗೆ: ಆಟೋಕ್ಯಾಡ್ ಕಲಿಯುವವರಿಗೆ

ಶಿರಸಿಯಲ್ಲಿ ಮನೆಯ ನಕ್ಷೆ ಬರೆಯಲು ಕಲಿಯುವ ಹುಡುಗ ಹುಡುಗಿಯರು ಮೊದಲ ವಾರದಲ್ಲಿಯೇ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ತಂತ್ರಾಂಶವಾದ ಆಟೋಕ್ಯಾಡ್‌ನಲ್ಲಿ ಗೆರೆ, ಆಯತ, ವೃತ್ತಗಳನ್ನು ಎಳೆಯುವುದನ್ನು ರೂಢಿಸಿಕೊಳ್ಳುತ್ತಾರೆ. ಆದರೆ ಮನೆಯ ಯಜಮಾನರು ಬಂದು, ಅಡುಗೆಮನೆ ಎರಡು ಅಡಿ ಅಗಲವಾಗಲಿ ಎಂದು ಹೇಳಿದ ದಿನ ಅವರಲ್ಲಿ ಹೆಚ್ಚಿನವರು ಅರ್ಧ ನಕ್ಷೆಯನ್ನು ಅಳಿಸಿ ಮತ್ತೆ ಎಳೆಯಲು ಕೂರುತ್ತಾರೆ. ನಕ್ಷೆಯ ಕೆಲಸದಲ್ಲಿ ಬಹುಪಾಲು ಹೊತ್ತು ಹೋಗುವುದು ತಿದ್ದುವುದಕ್ಕೇ ಆದುದರಿಂದ, ತಿದ್ದುವ ಆಜ್ಞೆಗಳನ್ನು ಒಂದೊಂದಾಗಿ ಬಾಯಿಪಾಠ ಮಾಡುವ ಬದಲು, ಒಂದೇ ಮನೆಯನ್ನು ಮುಂದಿಟ್ಟುಕೊಂಡು ಕಲಿಯುವುದು ಒಳ್ಳೆಯದೆಂದು ನನಗೆ ತೋರುತ್ತದೆ.

ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು ಆಯ್ಕೆ. ಖಾಲಿ ಜಾಗದಲ್ಲಿ ಮೌಸ್ ಒತ್ತಿ ಬಿಟ್ಟು, ಬಲಕ್ಕೆ ಸರಿದು ಇನ್ನೊಂದು ಮೂಲೆಯಲ್ಲಿ ಒತ್ತಿದರೆ ನೀಲಿ ಚೌಕಟ್ಟು ಬರುತ್ತದೆ. ಪೂರ್ತಿಯಾಗಿ ಅದರೊಳಗೆ ಬಿದ್ದ ಗೆರೆಗಳು ಮಾತ್ರ ಆಯ್ಕೆಯಾಗುತ್ತವೆ. ಬಲದಿಂದ ಎಡಕ್ಕೆ ಸರಿದರೆ ಬರುವುದು ಹಸಿರು ಚೌಕಟ್ಟು; ಅದು ತಾಗಿದ ಗೆರೆಗಳೆಲ್ಲ ಆಯ್ಕೆಗೆ ಸೇರುತ್ತವೆ. ತಪ್ಪಿ ಸೇರಿದ ಗೆರೆಯನ್ನು ಶಿಫ್ಟ್ ಕೀಲಿ ಹಿಡಿದು ಒತ್ತಿದರೆ ಅದೊಂದೇ ಹೊರಗುಳಿಯುತ್ತದೆ. ಇದರ ಜೊತೆಗೆ, ಆಬ್ಜೆಕ್ಟ್ ಸ್ನ್ಯಾಪ್ ಎಂಬ ಸೌಲಭ್ಯವನ್ನು ಎಫ್3 ಕೀಲಿಯಿಂದ ಚಾಲೂ ಮಾಡಿಕೊಂಡು, ಗೆರೆಯ ತುದಿ, ನಡು ಮತ್ತು ಕೂಡುವ ಬಿಂದುಗಳನ್ನು ಅದರಿಂದಲೇ ಹಿಡಿಯಬೇಕು. ಕಣ್ಣಂದಾಜಿನಲ್ಲಿ ಹಿಡಿದ ತುದಿ ಪರದೆಯ ಮೇಲೆ ಕೂಡಿದಂತೆ ಕಂಡರೂ ಒಳಗೆ ಒಂದೆರಡು ಮಿಲಿಮೀಟರ್ ಬಿರುಕು ಉಳಿದಿರಬಹುದು, ಮತ್ತು ಆ ಬಿರುಕಿನ ತೊಂದರೆ ನೆಲಕ್ಕೆ ಹ್ಯಾಚ್, ಅಂದರೆ ಮುಚ್ಚಿದ ಜಾಗವನ್ನು ತುಂಬುವ ಗೆರೆಗಳ ವಿನ್ಯಾಸ, ತುಂಬುವಾಗ ಎದುರಾಗುತ್ತದೆ.

ಈಗ 9000 ಮಿ.ಮೀ. ಅಗಲ, 12000 ಮಿ.ಮೀ. ಉದ್ದದ ಒಂದು ಆಯತವನ್ನು ರೆಕ್ಟ್ಯಾಂಗಲ್ ಆಜ್ಞೆಯಿಂದ ಎಳೆಯಿರಿ. ಇದು ಗೋಡೆಯ ಹೊರಮೈ. ಒಳಮೈಯನ್ನು ಬೇರೆಯಾಗಿ ಎಳೆಯಬೇಕಾಗಿಲ್ಲ. ಆಫ್‌ಸೆಟ್ ಆಜ್ಞೆ ಕೊಟ್ಟು, 230 ಎಂದು ಟೈಪಿಸಿ, ಆಯತವನ್ನು ಆರಿಸಿ, ಒಳಗಡೆ ಒತ್ತಿದರೆ 8540 ಮತ್ತು 11540 ಅಳತೆಯ ಇನ್ನೊಂದು ಆಯತ ಮೂಲೆಗಳು ಕೂಡಿಕೊಂಡೇ ಮೂಡುತ್ತದೆ. 230 ಎಂಬುದು ಇಟ್ಟಿಗೆಯ ಗೋಡೆಗೆ ರೂಢಿಯಲ್ಲಿರುವ ಅಳತೆ. ಕುಮಟೆ, ಅಂಕೋಲೆ, ಕಾರವಾರದ ಕಡೆ ಚಿರೆಕಲ್ಲಿನ ಗೋಡೆಗೆ ನಕ್ಷೆ ಬರೆಯುವವರು ಅಲ್ಲಿ ಸಿಗುವ ಕಲ್ಲಿನ ಅಗಲವನ್ನು ಟೇಪಿನಿಂದ ಅಳೆದು, ಆ ಅಂಕಿಯನ್ನೇ ಕೊಡಬೇಕು. ಅದೇ ಆಜ್ಞೆಯಿಂದ ಹೊರಮೈಯನ್ನು 900 ಮಿ.ಮೀ. ಹೊರಕ್ಕೆ ಆಫ್‌ಸೆಟ್ ಮಾಡಿದರೆ ಹೆಂಚಿನ ಮಾಡಿನ ಸೂರಿನ ಗೆರೆಯೂ ಸಿದ್ಧವಾಗುತ್ತದೆ.

ಒಳಗೋಡೆಗಳ ಗೆರೆಗಳು ಹೊರಗೋಡೆಯನ್ನು ಕೂಡುವಲ್ಲಿ ಹೆಚ್ಚಾಗಿ ಉಳಿದ ತುಂಡುಗಳನ್ನು ಟ್ರಿಮ್ ಕತ್ತರಿಸುತ್ತದೆ. ಗೋಡೆಯವರೆಗೆ ಮುಟ್ಟದ ಗೆರೆಯನ್ನು ಎಕ್ಸ್‌ಟೆಂಡ್ ಮುಟ್ಟಿಸುತ್ತದೆ. ಟ್ರಿಮ್ ನಡೆಯುತ್ತಿರುವಾಗಲೇ ಶಿಫ್ಟ್ ಹಿಡಿದರೆ ಅದು ಎಕ್ಸ್‌ಟೆಂಡ್ ಆಗಿ ಕೆಲಸ ಮಾಡುವುದರಿಂದ ಎರಡರ ನಡುವೆ ಓಡಾಡುವ ಅಗತ್ಯ ಬೀಳುವುದಿಲ್ಲ. 2021ರ ಆವೃತ್ತಿಯಿಂದ ಈಚೆಗೆ ಟ್ರಿಮ್ ಸುತ್ತಲಿನ ಎಲ್ಲ ಗೆರೆಗಳನ್ನೂ ತಾನಾಗಿಯೇ ಗಡಿಯೆಂದು ಹಿಡಿಯುತ್ತದೆ. ಅದಕ್ಕೂ ಹಳೆಯ ಆವೃತ್ತಿ ಇದ್ದವರು ಆಜ್ಞೆ ಕೊಟ್ಟ ಕೂಡಲೇ ಇನ್ನೊಮ್ಮೆ ಎಂಟರ್ ಒತ್ತಿದರೆ ಇದೇ ಫಲ ಸಿಗುತ್ತದೆ. ಮೂಲೆಯಲ್ಲಿ ಕೂಡದೆ ಉಳಿದ ಎರಡು ಗೆರೆಗಳಿಗೆ, ಮೂಲೆಯನ್ನು ದುಂಡಾಗಿಸುವ ಫಿಲೆಟ್ ಆಜ್ಞೆಯೇ ಸರಿಯಾದ ಮದ್ದು: ತ್ರಿಜ್ಯವನ್ನು ಸೊನ್ನೆಗೆ ಇಟ್ಟು ಎರಡನ್ನೂ ಆರಿಸಿದರೆ, ಹೆಚ್ಚಾದದ್ದು ಕತ್ತರಿಸಿ, ಕಡಿಮೆಯಾದದ್ದು ಬೆಳೆದು, ನಿಖರವಾದ ಮೂಲೆ ನಿಲ್ಲುತ್ತದೆ.

ಇನ್ನು ಯಜಮಾನರು ಕೇಳಿದ ಎರಡು ಅಡಿಯ ಮಾತು. ಎರಡು ಅಡಿ ಎಂದರೆ 610 ಮಿ.ಮೀ.; ಕೆಲಸದಲ್ಲಿ 600 ಹಿಡಿಯೋಣ. ಅಡುಗೆಮನೆ ನಕ್ಷೆಯ ಬಲತುದಿಯಲ್ಲಿದೆ ಎಂದುಕೊಳ್ಳಿ. ಸ್ಟ್ರೆಚ್ ಆಜ್ಞೆ ಕೊಟ್ಟು, ಬಲದಿಂದ ಎಡಕ್ಕೆ ಹಸಿರು ಚೌಕಟ್ಟನ್ನು ತಂದು, ಅದರ ಎಡ ಅಂಚು ಅಡುಗೆಮನೆಯ ನಡುವಿನಲ್ಲಿ ಹಾದುಹೋಗುವಂತೆ ನಿಲ್ಲಿಸಬೇಕು. ಚೌಕಟ್ಟಿನೊಳಗೆ ಬಿದ್ದ ತುದಿಗಳು ಸರಿಯುತ್ತವೆ, ಹೊರಗಿರುವ ತುದಿಗಳು ಇದ್ದಲ್ಲಿಯೇ ಇರುತ್ತವೆ, ಎರಡರ ನಡುವಿನ ಗೆರೆ ಹಿಗ್ಗುತ್ತದೆ. ಸ್ಟ್ರೆಚ್‌ನ ತತ್ತ್ವ ಇಷ್ಟೇ. ಪೂರ್ತಿಯಾಗಿ ಒಳಗೆ ಬಿದ್ದ ವಸ್ತು ಹಿಗ್ಗದೆ ಹಾಗೆಯೇ ಸರಿಯುತ್ತದೆ. ಬಾಗಿಲು, ಕಿಟಕಿ, ಸಿಂಕುಗಳನ್ನು ಬ್ಲಾಕ್ (ಹಲವು ಗೆರೆಗಳನ್ನು ಒಂದೇ ವಸ್ತುವಾಗಿ ಕಟ್ಟಿದ್ದು) ಮಾಡಿಟ್ಟಿದ್ದರೆ, ಬ್ಲಾಕ್‌ನ ಮೂಲಬಿಂದು ಒಳಗಿದ್ದಾಗ ಮಾತ್ರ ಅದು ಗೋಡೆಯ ಜೊತೆಗೆ ಹೋಗುತ್ತದೆ. ಬಳಿಕ ಎಂಟರ್ ಒತ್ತಿ ಆಯ್ಕೆ ಮುಗಿಸಿ, ನೇರ ಅಡ್ಡ ಅಥವಾ ಉದ್ದಕ್ಕೆ ಮಾತ್ರ ಸರಿಯಲು ಬಿಡುವ ಆರ್ಥೋವನ್ನು ಎಫ್8ರಿಂದ ಚಾಲೂ ಮಾಡಿ, ಒಂದು ಬಿಂದು ಹಿಡಿದು, ಮೌಸನ್ನು ಬಲಕ್ಕೆ ತೋರಿಸಿ, 600 ಎಂದು ಟೈಪಿಸಿ ಎಂಟರ್ ಒತ್ತಿ. ಅಗಲ 9600 ಆಗುತ್ತದೆ.

ಇಲ್ಲಿ ಕಲಿಯುವವರು ಮರೆಯುವುದು ಸೂರಿನ ಗೆರೆಯನ್ನು. ಹಸಿರು ಚೌಕಟ್ಟು ಗೋಡೆಯನ್ನು ಮಾತ್ರ ಸುತ್ತುವರಿದು ಸೂರಿನ ಮೂಲೆಗಳನ್ನು ಹೊರಗೆ ಬಿಟ್ಟರೆ, ಗೋಡೆ 600 ಮುಂದೆ ಹೋಗಿ, 900 ಇದ್ದ ಚಾಚು 300ಕ್ಕೆ ಇಳಿಯುತ್ತದೆ. ಆಷಾಢದ ಇರಚಲಿಗೆ ಅಂಥ ಗೋಡೆ ನೆನೆಯದೆ ಇರಲಾರದು. ಆದುದರಿಂದ ಸ್ಟ್ರೆಚ್ ಮಾಡುವ ಮೊದಲು ಆಫ್ ಮಾಡಿಟ್ಟ ಲೇಯರ್‌ಗಳನ್ನೆಲ್ಲ (ಗೆರೆಗಳನ್ನು ಬೇರೆಬೇರೆಯಾಗಿ ಇಡುವ ಪದರಗಳು) ಆನ್ ಮಾಡಿ, ಮಾಡಿನ ಗೆರೆಗಳೂ ಆಯ್ಕೆಗೆ ಬಂದಿವೆಯೇ ಎಂದು ನೋಡಿಕೊಳ್ಳಿ.

ಅಣ್ಣತಮ್ಮಂದಿರು ನಡುಗೋಡೆ ಹಂಚಿಕೊಂಡು ಒಂದೇ ಬಗೆಯ ಎರಡು ಮನೆ ಕಟ್ಟುವುದಾದರೆ, ಒಂದನ್ನು ಮುಗಿಸಿ ಮಿರರ್ ಆಜ್ಞೆಯಿಂದ ಇನ್ನೊಂದನ್ನು ಪಡೆಯಬಹುದು; ಕೋಣೆಯ ಹೆಸರುಗಳು ತಿರುವುಮುರುವಾದರೆ ಮಿರ್‌ಟೆಕ್ಸ್ಟ್ ಎಂಬ ಸೆಟ್ಟಿಂಗನ್ನು ಸೊನ್ನೆಗೆ ಇಟ್ಟು ಮತ್ತೆ ಮಾಡಿ. ಸ್ಕ್ಯಾನ್ ಮಾಡಿದ ಸರ್ವೆ ನಕ್ಷೆಯನ್ನು ನಿಜ ಅಳತೆಗೆ ತರಲು ಸ್ಕೇಲ್ ಆಜ್ಞೆಯಲ್ಲಿರುವ ರೆಫರೆನ್ಸ್ ಆಯ್ಕೆ ಬಳಸಬೇಕು: ಅಳತೆ ಗೊತ್ತಿರುವ ಒಂದು ಬದಿಯ ಎರಡು ತುದಿಗಳನ್ನು ತೋರಿಸಿ, ಆ ಬದಿ 30 ಮೀಟರ್ ಇದ್ದರೆ 30000 ಎಂದು ಕೊಡಿ. ಕಾಗದ ಒಂದು ದಿಕ್ಕಿಗೆ ಎಳೆದುಕೊಂಡಿರಬಹುದು; ಹಾಗಾಗಿ ಇನ್ನೊಂದು ಬದಿಯನ್ನೂ ಅಳೆದು ತಾಳೆ ನೋಡದೆ ಮುಂದುವರಿಯಬಾರದು. ದುಡ್ಡು ಕೊಡದೆ ಸಿಗುವ ಲಿಬ್ರೆಕ್ಯಾಡ್‌ನಲ್ಲಿಯೂ ಇಲ್ಲಿ ಹೇಳಿದ ಹೆಚ್ಚಿನ ಕೆಲಸಗಳಿಗೆ ಆಜ್ಞೆಗಳಿವೆ. ಕೊಡುವ ರೀತಿ ಮಾತ್ರ ಬೇರೆ.

ಕೊನೆಯದು ಅಳತೆಯ ಅಂಕಿಗಳ ವಿಷಯ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಚ್ಚಲುಮನೆಯ ಗೋಡೆಯನ್ನು ಸರಿಸುವ ಬದಲು, ನಕ್ಷೆಯ ಮೇಲೆ ಅಳತೆ ತೋರಿಸುವ ಡೈಮೆನ್ಶನ್‌ನ ಅಂಕಿಯನ್ನು ಮಾತ್ರ ಕೈಯಿಂದ ಬದಲಿಸಿಕೊಟ್ಟಿದ್ದೆ. ಮುಂದೆ ಗೋಡೆಯನ್ನು ಸ್ಟ್ರೆಚ್ ಮಾಡಿದಾಗ ಬೇರೆ ಅಂಕಿಗಳೆಲ್ಲ ಬದಲಾದವು, ಕೈಯಿಂದ ಬರೆದದ್ದು ಬದಲಾಗಲಿಲ್ಲ. ಮೇಸ್ತ್ರಿಯವರು ಕಾಗದದ ಮೇಲಿದ್ದ ಅಂಕಿಯನ್ನು ನಂಬಿ ಪಾಯ ತೋಡಿಸಿದರು. ತೋಡಿದ್ದನ್ನು ಮುಚ್ಚಿ ಮತ್ತೆ ತೋಡಬೇಕಾಯಿತು. ಅಂದಿನಿಂದ ಪ್ರಿಂಟ್ ತೆಗೆಯುವ ಮೊದಲು ಅನುಮಾನ ಬಂದ ಪ್ರತಿಯೊಂದು ಡೈಮೆನ್ಶನ್ ಅನ್ನೂ ಆರಿಸಿ, ಕಂಟ್ರೋಲ್ ಮತ್ತು 1 ಒತ್ತಿ ಪ್ರಾಪರ್ಟೀಸ್ ತೆರೆದು ನೋಡುತ್ತೇನೆ. ಅಲ್ಲಿ ಟೆಕ್ಸ್ಟ್ ಓವರ್‌ರೈಡ್ ಎಂಬ ಜಾಗದಲ್ಲಿ ಏನಾದರೂ ಬರೆದಿದ್ದರೆ ಅಳಿಸಿಬಿಡಿ. ಗೆರೆಯ ನಿಜವಾದ ಅಳತೆ ತಾನಾಗಿಯೇ ಮರಳಿ ಬರುತ್ತದೆ.