ಬೇಸಿಗೆಯಲ್ಲಿ ಮನೆಮಂದಿಯೊಂದಿಗೆ ಕಾಡುನಡಿಗೆ: ಶಿರಸಿ–ಕಾರವಾರ ಸೀಮೆಯಲ್ಲಿ ಹೊರಡುವುದು ಹೇಗೆ?

ಉತ್ತರ ಕನ್ನಡದ ಕಾಡು, ಹೊಳೆಗಳನ್ನು ನೋಡಲು ಮಳೆಗಾಲ ಮುಗಿದ ಮೇಲಿನ ಮೂರು ತಿಂಗಳೇ ಒಳ್ಳೆಯವು ಎಂದು ಬಲ್ಲವರೆಲ್ಲ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಮಕ್ಕಳಿಗೆ ರಜೆ ಸಿಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಬೆಂಗಳೂರು, ಹುಬ್ಬಳ್ಳಿಗಳ ನೆಂಟರು ಊರಿಗೆ ಬರುವುದೂ ಆಗಲೇ. ಆದ್ದರಿಂದ ಬೇಸಿಗೆಯ ತಿರುಗಾಟ ತಪ್ಪುವಂಥದ್ದಲ್ಲ. ಅದನ್ನು ಯೋಜಿಸುವಾಗ ಸ್ಥಳಗಳ ಪಟ್ಟಿಗಿಂತ ಮೊದಲು ಹೊತ್ತಿನ ಲೆಕ್ಕ ಹಾಕಬೇಕು. ಬೆಳಿಗ್ಗೆ ಆರರಿಂದ ಹತ್ತರವರೆಗೆ, ಸಂಜೆ ನಾಲ್ಕೂವರೆಯಿಂದ ಕತ್ತಲಾಗುವ ಮುನ್ನ: ನಡೆಯಲು ದಿನಕ್ಕೆ ದಕ್ಕುವುದು ಇಷ್ಟೇ. ಈ ಹೊತ್ತಿನಲ್ಲಿ ಒಂದು ಜಾಗವನ್ನು ನಿಧಾನವಾಗಿ ನೋಡಬಹುದೇ ಹೊರತು, ಐದು ಜಾಗಗಳಿಗೆ ಓಡಲಾಗದು.

ಜಾಗ ಆರಿಸುವಾಗ

ಮೊದಲ ಕೆಲಸ, ಪಟ್ಟಿಯಿಂದ ಜಲಪಾತಗಳನ್ನು ತೆಗೆದುಹಾಕುವುದು. ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಎತ್ತರದಿಂದ ಧುಮುಕುತ್ತದೆ. ಈ ಹೊಳೆಗೆ ದೊಡ್ಡ ಅಣೆಕಟ್ಟು ಇಲ್ಲದ ಕಾರಣ ನೀರಿನ ಪ್ರಮಾಣವೆಲ್ಲ ಮಳೆಯನ್ನೇ ಅವಲಂಬಿಸಿದೆ, ಏಪ್ರಿಲ್ ಹೊತ್ತಿಗೆ ಅಲ್ಲಿ ಉಳಿಯುವುದು ಬಂಡೆಯ ಮೇಲಿನ ತೆಳುವಾದ ಹರಿವು ಮಾತ್ರ. ಯಲ್ಲಾಪುರದ ಮಾಗೋಡನ್ನೂ ಮುಂದಿನ ಅಕ್ಟೋಬರಿಗೆ ಇಟ್ಟುಕೊಳ್ಳುವುದು ಲೇಸು.

ಬದಲಿಗೆ, ನೀರು ಇಳಿದಾಗಲೇ ಚೆನ್ನಾಗಿ ಕಾಣುವ ಜಾಗಗಳನ್ನು ಹಿಡಿಯಬೇಕು. ಶಿರಸಿ ಸಮೀಪದ ಸಹಸ್ರಲಿಂಗ ಅಂಥದ್ದು. ಸೋದೆ ಅರಸರ ಕಾಲದಲ್ಲಿ ಶಾಲ್ಮಲಾ ನದಿಯ ಬಂಡೆಗಳಲ್ಲಿ ಕೆತ್ತಿಸಿದ ಲಿಂಗಗಳು, ನಂದಿಗಳು ಮಳೆಗಾಲದಲ್ಲಿ ಮುಳುಗಿರುತ್ತವೆ, ಬೇಸಿಗೆಯಲ್ಲಿ ಒಂದೊಂದನ್ನೂ ಹತ್ತಿರ ಹೋಗಿ ನೋಡಬಹುದು. ಕುಮಟಾ ತಾಲ್ಲೂಕಿನ ಯಾಣವೂ ಬೇಸಿಗೆಗೆ ಒಗ್ಗುತ್ತದೆ: ಶಿಖರಗಳ ಬುಡದವರೆಗಿನ ಕಾಲುದಾರಿಯ ಬಹುಭಾಗಕ್ಕೆ ನೆರಳಿದೆ, ಹಿರಿಯರೂ ಕೂತು ಎದ್ದು ಹೋಗಬಹುದು. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್ ಎತ್ತರದ ಕಪ್ಪು ಸುಣ್ಣಕಲ್ಲಿನ ಬಂಡೆಗಳು. ಅಲ್ಲಿ ತಲೆಯೆತ್ತಿ ನೋಡಬೇಕಾದದ್ದು ಶಿಖರವನ್ನಷ್ಟೇ ಅಲ್ಲ, ಬಂಡೆಗೆ ಜೋತುಬಿದ್ದ ಹೆಜ್ಜೇನಿನ ಹಲ್ಲೆಗಳನ್ನೂ. ಹೊಗೆ, ಕಟುವಾದ ಸುಗಂಧ, ಕಲ್ಲೆಸೆತ, ಇವು ಮೂರೂ ಅಲ್ಲಿ ಸಲ್ಲವು.

ಅನುಮತಿ ಮತ್ತು ತಂಗುವ ಜಾಗ

ಕಾಡಿನೊಳಗೆ ಮನಸ್ಸು ಬಂದಲ್ಲಿ ಡೇರೆ ಹೂಡುವುದಕ್ಕೆ ಅವಕಾಶವಿಲ್ಲ. ದಾಂಡೇಲಿ, ಜೋಯಿಡಾ ಭಾಗದ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುವುದರಿಂದ, ಅನುಮತಿಯಿಲ್ಲದೆ ಒಳಗೆ ಕಾಲಿಡುವುದೇ ಅಪರಾಧ. ಅಲ್ಲಿ ಪ್ರಾಣಿಗಳನ್ನು ನೋಡಬೇಕಾದರೆ ಅರಣ್ಯ ಇಲಾಖೆಯ ಸಫಾರಿಯೇ ದಾರಿ. ಉಳಿದ ಕಾಡುದಾರಿಗಳಿಗೂ ಹೊರಡುವ ಒಂದು ವಾರ ಮೊದಲೇ ಆಯಾ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು, ಏಕೆಂದರೆ ಕಾಳ್ಗಿಚ್ಚಿನ ಭಯವಿದ್ದಾಗ ದಾರಿಗಳನ್ನು ಮುಚ್ಚುವುದುಂಟು.

ರಾತ್ರಿ ತಂಗಲು ಕುಳಗಿಯ ಪ್ರಕೃತಿ ಶಿಬಿರದಂಥ ಇಲಾಖೆಯ ವ್ಯವಸ್ಥೆಗಳಿವೆ. ಮಕ್ಕಳಿಗೆ ಡೇರೆಯ ಅನುಭವವೇ ಬೇಕೆಂದಾದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಅಡಿಕೆ ತೋಟದ ಹೋಂಸ್ಟೇಗಳಲ್ಲಿ ಮನೆಯವರನ್ನು ಕೇಳಿ ಅಂಗಳದಲ್ಲಿ ಡೇರೆ ಹಾಕಿಕೊಳ್ಳುವುದು ನನ್ನ ಪ್ರಕಾರ ಎಲ್ಲಕ್ಕಿಂತ ಸರಿಯಾದದ್ದು: ಬಾವಿ ನೀರು, ಬಚ್ಚಲು, ಹೊತ್ತಿಗೆ ಸರಿಯಾಗಿ ಊಟ, ಜೊತೆಗೆ ಆ ಕಾಡನ್ನು ಬಲ್ಲ ಒಬ್ಬರ ಮಾತು ಸಿಗುತ್ತದೆ. ತೋಟದ ಮೇಲ್ಭಾಗದ ಸೊಪ್ಪಿನ ಬೆಟ್ಟ ಕೃಷಿಕರು ಗೊಬ್ಬರಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಜಾಗ, ಅಲ್ಲಿಗೂ ಕೇಳಿಯೇ ಹೋಗಬೇಕು.

ಕಾಳಿ ನದಿಯ ಬಂಡೆ, ಮರಳದಿಣ್ಣೆಗಳ ಮೇಲೆ ಮಾತ್ರ ಯಾರು ಹೇಳಿದರೂ ಡೇರೆ ಹಾಕಬಾರದು. ಬೇಸಿಗೆಯಲ್ಲೂ ಗಣೇಶಗುಡಿಯಲ್ಲಿ ರ‍್ಯಾಫ್ಟಿಂಗ್ ನಡೆಯುವುದು ಸೂಪಾ ಅಣೆಕಟ್ಟೆಯ ವಿದ್ಯುದಾಗಾರದಿಂದ ಹೊರಬರುವ ನೀರಿನಿಂದ. ವಿದ್ಯುತ್ ಉತ್ಪಾದನೆ ಶುರುವಾದ ಕೂಡಲೇ ಕೆಳಗಿನ ಹೊಳೆ ಏರುತ್ತದೆ. ಮಧ್ಯಾಹ್ನ ಮೊಣಕಾಲುದ್ದ ಇದ್ದ ನೀರು ಸಂಜೆಗೆ ಹಾಗೇ ಇರುತ್ತದೆಂದು ನಂಬುವಂತಿಲ್ಲ. ದಾಂಡೇಲಿ ಭಾಗದ ಹೊಳೆಯಲ್ಲಿ ಮೊಸಳೆಗಳೂ ಇರುವುದರಿಂದ ಈಜಿನ ಆಸೆಯನ್ನೂ ಬಿಡಬೇಕು.

ಬಿಸಿಲು, ನೀರು, ಬುತ್ತಿ

ಹವಾಮಾನ ಇಲಾಖೆ ಬಯಲುಸೀಮೆಯಲ್ಲಿ 40 ಡಿಗ್ರಿ ಮುಟ್ಟಿದ ಮೇಲೆ ಬಿಸಿಗಾಳಿಯ ಪ್ರಶ್ನೆ ಎತ್ತಿದರೆ, ಕರಾವಳಿಯಲ್ಲಿ 37 ಡಿಗ್ರಿಗೇ ಎತ್ತುತ್ತದೆ. ಕಾರವಾರ, ಅಂಕೋಲಾ, ಕುಮಟಾಗಳ ಗಾಳಿಯಲ್ಲಿ ತೇವ ಹೆಚ್ಚು. ಬೆವರು ಸುರಿಯುತ್ತದೆ, ಆರುವುದಿಲ್ಲ, ಆರದೆ ಮೈ ತಂಪಾಗುವುದಿಲ್ಲ. ಆದ್ದರಿಂದ ಅರ್ಧ ದಿನದ ನಡಿಗೆಗೆ ತಲೆಗೆ ಎರಡು ಲೀಟರ್, ಇಡೀ ದಿನಕ್ಕೆ ನಾಲ್ಕು ಲೀಟರ್ ನೀರನ್ನು ಹೊತ್ತುಕೊಂಡೇ ಹೊರಡಬೇಕು, ದಾರಿಯ ಹಳ್ಳವನ್ನು ನೆಚ್ಚಬಾರದು. ಬರಿಯ ನೀರಿನ ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ, ಮುರುಗಲು ಪಾನಕ, ಎರಡು ಓಆರ್‌ಎಸ್ ಪೊಟ್ಟಣ ಇರಲಿ. ತಲೆ ಸುತ್ತಿ ಮಾತು ತೊದಲಿದವರನ್ನು, ಬೆವರು ನಿಂತು ಮೈ ಕಾದವರನ್ನು ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಹಾಕಬೇಕು, ತಡಮಾಡದೆ 108ಕ್ಕೆ ಕರೆ ಮಾಡಬೇಕು. ಕಾಡಿನ ಒಳದಾರಿಗಳಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲವಾದ್ದರಿಂದ, ಎಲ್ಲಿಗೆ ಹೋಗಿ ಎಷ್ಟೊತ್ತಿಗೆ ಮರಳುತ್ತೇವೆಂದು ತಂಗಿದ ಮನೆಯಲ್ಲಿ ಹೇಳಿಯೇ ಹೊರಡತಕ್ಕದ್ದು.

ಉಣುಗಿನ ವಿಚಾರ

ಈ ಸೀಮೆಯ ಬೇಸಿಗೆಯಲ್ಲಿ ಹುಲಿ, ಕರಡಿಗಳಿಗಿಂತ ಹೆಚ್ಚು ಗಮನ ಕೊಡಬೇಕಾದ ಜೀವಿ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಉಣುಗು ಕಚ್ಚುವುದರಿಂದ ಹರಡುವ ಮಂಗನ ಕಾಯಿಲೆ ಸಿದ್ದಾಪುರ, ಹೊನ್ನಾವರ ಕಡೆಗಳಲ್ಲೂ ಕಾಣಿಸಿಕೊಳ್ಳುತ್ತ ಬಂದಿದೆ. ಮಳೆಗಾಲ ಕಳೆದ ಮೇಲೆ ಹೆಚ್ಚುವ ಮರಿ ಉಣುಗುಗಳು ಬೇಸಿಗೆ ಮುಗಿಯುವ ತನಕ ದರಕಿನಲ್ಲಿ, ಕೆಳಮಟ್ಟದ ಗಿಡಗಳಲ್ಲಿ ಇರುತ್ತವೆ. ಅವು ಎಳ್ಳಿನ ಕಾಳಿಗಿಂತ ಚಿಕ್ಕವಾದ್ದರಿಂದ ಮೈಗೆ ಹತ್ತಿದ್ದು ಗೊತ್ತಾಗುವುದಿಲ್ಲ, ಕಚ್ಚಿದ್ದೂ ನೋಯುವುದಿಲ್ಲ.

ಹೊರಡುವ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೋ ಆಶಾ ಕಾರ್ಯಕರ್ತೆಯರ ಬಳಿಯೋ ಆ ಭಾಗದಲ್ಲಿ ಮಂಗಗಳು ಸತ್ತಿವೆಯೇ, ಕಾಯಿಲೆ ಕಂಡಿದೆಯೇ ಎಂದು ಕೇಳಬೇಕು. ಹೌದೆಂದರೆ ಜಾಗವನ್ನೇ ಬದಲಿಸಬೇಕು, ಇದರಲ್ಲಿ ಧೈರ್ಯದ ಮಾತಿಲ್ಲ. ಉಣುಗು ಹತ್ತದಂತೆ ಕೈಕಾಲುಗಳಿಗೆ ಹಚ್ಚಿಕೊಳ್ಳುವ ಡೆಪಾ ತೈಲವನ್ನು ಆರೋಗ್ಯ ಇಲಾಖೆ ಬಾಧಿತ ಊರುಗಳಲ್ಲಿ ಹಂಚುತ್ತದೆ. ತಿಳಿಬಣ್ಣದ ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು ತೊಟ್ಟು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಬೇಕು. ನೋಡಲು ಚೆಂದವಿಲ್ಲದಿದ್ದರೂ ತಿಳಿಬಟ್ಟೆಯ ಮೇಲೆ ಹರಿಯುವ ಉಣುಗು ಕಣ್ಣಿಗೆ ಬೀಳುತ್ತದೆ. ದರಕಿನ ಮೇಲೆ ನೇರವಾಗಿ ಕೂರುವುದು, ಮಲಗುವುದು ಬೇಡ.

ಮರಳಿದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಕಿವಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿಯ ಕೆಳಗೆ, ಮೊಣಕಾಲಿನ ಹಿಂಭಾಗದಲ್ಲಿ ಒಬ್ಬರನ್ನೊಬ್ಬರು ಪರೀಕ್ಷಿಸಬೇಕು. ಅಂಟಿಕೊಂಡ ಉಣುಗನ್ನು ಚಿಮುಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರದಲ್ಲಿ ಹಿಡಿದು ತಿರುಚದೆ ನೇರವಾಗಿ ಎಳೆದು, ಆ ಜಾಗವನ್ನು ಸೋಪಿನಿಂದ ತೊಳೆಯಬೇಕು. ಸೀಮೆಎಣ್ಣೆ ಹಾಕುವುದು, ಬೆಂಕಿಕಡ್ಡಿ ತಾಗಿಸುವುದು, ಬೆರಳಲ್ಲಿ ಹೊಸಕುವುದು, ಎಲ್ಲವೂ ತಪ್ಪು.

ಪ್ರಾಣಿ, ಪಕ್ಷಿಗಳನ್ನು ನೋಡುವ ಬಗೆ

ಹುಲಿ ಕಾಣದಿದ್ದರೆ ಪ್ರವಾಸವೇ ವ್ಯರ್ಥವೆಂದು ಹಟ ಹಿಡಿಯುವವರನ್ನು ಮನೆಯಲ್ಲೇ ಬಿಟ್ಟು ಬರುವುದು ಒಳ್ಳೆಯದು. ಮಕ್ಕಳೊಂದಿಗೆ ಬೆಳಿಗ್ಗೆ ಎಂಟರ ಸುಮಾರಿಗೆ ಅಡಿಕೆ ತೋಟದಲ್ಲಿ ಅರ್ಧ ತಾಸು ಮಾತಿಲ್ಲದೆ ಕೂತರೆ ಹಾರುವ ಓತಿ ಕಾಣಸಿಕ್ಕೀತು. ಮರದ ತೊಗಟೆಯ ಬಣ್ಣವೇ ಅದರ ಮೈಬಣ್ಣವಾದ್ದರಿಂದ ಕಣ್ಣೆದುರೇ ಇದ್ದರೂ ಮೊದಲು ಗೊತ್ತಾಗುವುದಿಲ್ಲ; ಗಂಡು ಗಂಟಲ ಕೆಳಗಿನ ಹಳದಿ ಪರೆಯನ್ನು ಚಾಚಿ ಮಡಚಿದಾಗ ಗುರುತು ಸಿಗುತ್ತದೆ. ಅದು ಮೇಲಕ್ಕೆ ಹತ್ತಿ, ಪಕ್ಕೆಲುಬುಗಳ ನಡುವಿನ ಚರ್ಮವನ್ನು ಬಿಡಿಸಿಕೊಂಡು ಪಕ್ಕದ ಮರದ ಕೆಳಭಾಗಕ್ಕೆ ತೇಲಿ ಇಳಿದು, ಮತ್ತೆ ಹತ್ತತೊಡಗುತ್ತದೆ.

ದಾಂಡೇಲಿ ಕಡೆ ಹೋದವರು ಮಂಗಟ್ಟೆಗಳನ್ನು ಹಣ್ಣು ಬಿಟ್ಟ ಆಲ, ಅತ್ತಿ ಜಾತಿಯ ಮರಗಳಲ್ಲಿ ಹುಡುಕಬೇಕು. ಬೇಸಿಗೆ ಅವುಗಳ ಗೂಡಿನ ಕಾಲ. ಹೆಣ್ಣು ಪೊಟರೆಯೊಳಗೆ ಸೇರಿ ಬಾಯಿಯನ್ನು ಮುಚ್ಚಿಕೊಂಡು, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟಿರುತ್ತದೆ. ಗಂಡು ಅದರ ಮೂಲಕವೇ ಹಣ್ಣು ಉಣಿಸುತ್ತದೆ. ಮರದ ಬುಡದಲ್ಲಿ ಜನ ನಿಂತರೆ ಗಂಡು ಹತ್ತಿರ ಬರುವುದಿಲ್ಲ, ಒಳಗಿನವು ಉಪವಾಸ ಬೀಳುತ್ತವೆ. ದೂರದಿಂದ ದುರ್ಬೀನಿನಲ್ಲಿ ನೋಡಿ ಸರಿಯಬೇಕು. ಶಿರಸಿ, ಸಿದ್ದಾಪುರ, ಹೊನ್ನಾವರಗಳ ಘಟ್ಟದ ಕಾಡು ಸಿಂಗಳೀಕಗಳ ನೆಲೆ, ಅವುಗಳಿಗಾಗಿಯೇ 2011ರಲ್ಲಿ ಅಘನಾಶಿನಿ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಘಟ್ಟದ ರಸ್ತೆಯಲ್ಲಿ ಕಾರು ನಿಲ್ಲಿಸಿ ಯಾವ ಮಂಗಕ್ಕೂ ತಿಂಡಿ ಎಸೆಯಬಾರದು.

ಕಡಲಂಚಿನಲ್ಲಿ ನಡೆಯುವವರಿಗೆ

ಗೋಕರ್ಣದಿಂದ ಕುಡ್ಲೆ, ಓಂ, ಹಾಫ್‌ಮೂನ್ ತೀರಗಳ ಮೂಲಕ ಸಾಗುವ ಗುಡ್ಡದ ದಾರಿಗೆ ನೆರಳು ಕಡಿಮೆ, ಬೆಳಕು ಹರಿಯುವಾಗಲೇ ಹೊರಟು ಒಂಬತ್ತರೊಳಗೆ ಮುಗಿಸಬೇಕು. ಬಂಡೆಗಳ ಬುಡದಲ್ಲಿ ಸುತ್ತಿ ಹೋಗುವವರು ಭರತ, ಇಳಿತಗಳ ವೇಳೆಯನ್ನು ಮೀನುಗಾರರಿಂದ ಕೇಳಿ ತಿಳಿಯಬೇಕು. ಭರತ ದಿನವೂ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಮೇಲೇರುತ್ತದೆ. ಕಾರವಾರ, ಹೊನ್ನಾವರದ ಕಾಸರಕೋಡು ತೀರಗಳಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ರಾತ್ರಿ ಮರಳಿನ ಮೇಲೆ ಪ್ರಖರ ದೀಪ ಹಚ್ಚಿದರೆ ಮರಿಗಳು ಕಡಲ ದಿಕ್ಕು ತಪ್ಪುತ್ತವೆ.

ಬೆಂಕಿ, ಸಿಡಿಲು, ಹಾವು

ಒಣಗಿದ ದರಕಿನ ಕಾಡಿನಲ್ಲಿ ಕ್ಯಾಂಪ್‌ಫೈರ್ ಎಂಬುದೇ ಇಲ್ಲ. ಅಡುಗೆ, ಸಿಗರೇಟು ಎರಡೂ ನಿಷಿದ್ಧ. ಎಲ್ಲಿಯಾದರೂ ಹೊಗೆ ಕಂಡರೆ ಅರಣ್ಯ ಇಲಾಖೆಯ 1926ಕ್ಕೆ ತಿಳಿಸಬಹುದು. ಏಪ್ರಿಲ್ ಕೊನೆಯಿಂದ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗು ಶುರುವಾದರೆ ಬೋಳುಗುಡ್ಡದಿಂದ, ಒಂಟಿ ಮರದಿಂದ ದೂರ ಸರಿಯಬೇಕು. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಹೀರುವುದು ಯಾವುದನ್ನೂ ಮಾಡದೆ, ಕಚ್ಚಿದ ಅಂಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕು.

ಮನೆಗೆ ಮರಳಿದ ಮೇಲೆ ಸುಮಾರು ಎರಡು ವಾರ ಎಲ್ಲರ ಮೈಬಿಸಿಯ ಮೇಲೆ ಗಮನವಿರಲಿ. ಯಾರಿಗಾದರೂ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಸಾಮಾನ್ಯ ಜ್ವರವೆಂದು ಮನೆಯಲ್ಲೇ ಮಾತ್ರೆ ನುಂಗಿ ಕಾಯಬಾರದು. ಬೆಂಗಳೂರಿನ ವೈದ್ಯರಿಗೆ ಸಿದ್ದಾಪುರದ ಕಾಡು ತಾನಾಗಿಯೇ ಹೊಳೆಯುವುದಿಲ್ಲ. ಯಾವ ಊರಿನ ಕಾಡಿಗೆ, ಯಾವ ದಿನ ಹೋಗಿದ್ದಿರಿ, ಉಣುಗು ಕಚ್ಚಿತ್ತೇ ಎಂಬುದನ್ನು ನೀವೇ ಮೊದಲು ಹೇಳಬೇಕು.